ಆದರ್ಶ ದಂಪತಿಗೆ ಯಾರೂ ಕೇಳದ ಪ್ರಶ್ನೆ

ಮುಂಬಯಿ ಹಾಗೂ ಉಪನಗರಗಳ ತುಳು-ಕನ್ನಡಿಗರ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ‘ಆದರ್ಶ ದಂಪತಿ’ ಸ್ಪರ್ಧೆಯನ್ನು ನೋಡದವರು ವಿರಳ. ದೀಪ ಪ್ರಜ್ವಲನೆ, ಸ್ವಾಗತ, ಅತಿಥಿಗಳ ಭಾಷಣ, ಶಾಲು-ಫಲಪುಷ್ಪ-ಸ್ಮರಣಿಕೆಗಳ ಸನ್ಮಾನವೆಲ್ಲ ಮುಗಿದು ಸಭಿಕರು ಆಕಳಿಸತೊಡಗಿದಾಗ ನಿರೂಪಕರು ಐದಾರು ಜೋಡಿಗಳನ್ನು ವೇದಿಕೆಗೆ ಕರೆಯುತ್ತಾರೆ. ಗಂಡನನ್ನು ಒಂದು ಮೂಲೆಯಲ್ಲಿ, ಹೆಂಡತಿಯನ್ನು ಇನ್ನೊಂದು ಮೂಲೆಯಲ್ಲಿ ನಿಲ್ಲಿಸಿ ಪ್ರಶ್ನೆಗಳು ಆರಂಭವಾಗುತ್ತವೆ. ಪತ್ನಿಗೆ ಇಷ್ಟವಾದ ಬಣ್ಣ ಯಾವುದು? ಇಬ್ಬರೂ ಜೊತೆಯಾಗಿ ನೋಡಿದ ಮೊದಲ ಸಿನಿಮಾ ಯಾವುದು? ಹೆಣ್ಣು ನೋಡಲು ಹೋದ ದಿನ ಆಕೆ ಉಟ್ಟಿದ್ದ ಸೀರೆ ಯಾವುದು? ಉತ್ತರ ತಪ್ಪಿದರೆ ಸಭಾಗೃಹದಲ್ಲಿ ನಗು, ಸರಿಯಾದರೆ ಚಪ್ಪಾಳೆ. ಗೆದ್ದ ಜೋಡಿಗೆ ಮಿಕ್ಸರ್ ಅಥವಾ ಕುಕ್ಕರ್ ಬಹುಮಾನ. ಇದರಲ್ಲಿ ತಪ್ಪೇನೂ ಇಲ್ಲ, ನಗಲು ಒಂದು ನೆಪ ಬೇಕು. ಆದರೆ ಬಹುಮಾನವಾಗಿ ಬಂದ ಆ ಕುಕ್ಕರನ್ನು ನಾಳೆ ಬೆಳಿಗ್ಗೆ ಒಲೆಯ ಮೇಲೆ ಇಡುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾವ ನಿರೂಪಕರೂ ಕೇಳುವುದಿಲ್ಲ.

ಡೊಂಬಿವಲಿ ಪೂರ್ವದಲ್ಲೋ, ನಲಸೋಪರದಲ್ಲೋ, ಕಾಮೋಟೆಯಲ್ಲೋ ಬಾಡಿಗೆಗೋ ಸಾಲದ ಮೇಲೋ ಮನೆ ಮಾಡಿಕೊಂಡಿರುವ, ಮದುವೆಯಾಗಿ ಎರಡು-ಮೂರು ವರ್ಷಗಳಾಗಿರುವ ಯಾವುದೇ ಜೋಡಿಯನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಹುಡುಗ ಇಲ್ಲಿಯೇ ಹುಟ್ಟಿ ಬೆಳೆದವನು. ಹುಡುಗಿ ಕಾರ್ಕಳ, ಕುಂದಾಪುರದ ಕಡೆಯವಳು, ಪದವಿ ಮುಗಿಸಿ ಬಂದವಳು. ಆಕೆಗೆ ಫೋರ್ಟಿನಲ್ಲಿ ಅಕೌಂಟ್ಸ್ ಕೆಲಸ, ಆತನಿಗೆ ಅಂಧೇರಿಯಲ್ಲಿ ಖಾಸಗಿ ಕಂಪೆನಿ. ಬೆಳಿಗ್ಗೆ ಐದಕ್ಕೆ ನಳ್ಳಿಯಲ್ಲಿ ನೀರು ಬರುತ್ತದೆಂದು ಆಕೆ ನಾಲ್ಕೂ ಮುಕ್ಕಾಲಿಗೆ ಏಳುತ್ತಾಳೆ. ನೀರು ತುಂಬಿಸಿ, ಎರಡು ಡಬ್ಬಗಳಿಗೆ ಚಪಾತಿ-ಪಲ್ಯ ಮಾಡಿ, ರಾತ್ರಿಯ ಸಾರಿಗೆ ತೆಂಗಿನಕಾಯಿ ತುರಿದಿಟ್ಟು, ಸ್ನಾನ ಮುಗಿಸಿ ದೇವರಿಗೆ ದೀಪ ಹಚ್ಚುವಾಗ ಆರೂವರೆ. ಆ ಹೊತ್ತಿಗೆ ಆತ ಏಳುತ್ತಾನೆ. ಏಳೂವರೆಗೆ ಇಬ್ಬರೂ ಒಂದೇ ರಿಕ್ಷಾದಲ್ಲಿ ಸ್ಟೇಷನ್‌ಗೆ ಹೊರಡುತ್ತಾರೆ. ದಿನದಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಮಾತಾಡುವ ಸಮಯವೆಂದರೆ ಹೆಚ್ಚು ಕಡಿಮೆ ಆ ರಿಕ್ಷಾದ ಹತ್ತು ನಿಮಿಷ. ಪ್ಲಾಟ್‌ಫಾರ್ಮಿನಲ್ಲಿ ಆತ ಗಂಡಸರ ಡಬ್ಬಿಯ ಕಡೆ, ಆಕೆ ಹೆಂಗಸರ ಡಬ್ಬಿಯ ಕಡೆ.

ಪಶ್ಚಿಮ ರೈಲ್ವೆ 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಮಹಿಳೆಯರಿಗಾಗಿಯೇ ವಿಶೇಷ ಲೋಕಲ್ ಓಡಿಸಿದಾಗ ಅದು ದೊಡ್ಡ ಸುದ್ದಿಯಾಗಿತ್ತು. ಆಗಲೇ ಇಷ್ಟು ಹೆಂಗಸರು ದುಡಿಯಲು ಹೊರಗೆ ಹೋಗುತ್ತಿದ್ದರು. ಸಂಜೆಯ ಲೋಕಲಿನ ಮಹಿಳೆಯರ ಡಬ್ಬಿಯನ್ನು ಬಲ್ಲವರು ಬಲ್ಲರು. ದಾದರ್ ದಾಟಿ ಸ್ವಲ್ಪ ಜಾಗ ಸಿಕ್ಕಿದರೆ ಸಾಕು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿ ಬಟಾಣಿ ಸುಲಿಯುವುದು, ಮೆಂತೆಸೊಪ್ಪು ಬಿಡಿಸುವುದು, ಬೀನ್ಸ್‌ನ ನಾರು ತೆಗೆಯುವುದು ನಡೆಯುತ್ತದೆ. ಅದೇ ರೈಲಿನ ಪಕ್ಕದ ಡಬ್ಬಿಯಲ್ಲಿ ಗಂಡಸರು ಬ್ರೀಫ್‌ಕೇಸ್ ಅಡ್ಡ ಇಟ್ಟು ಇಸ್ಪೀಟು ಆಡುತ್ತಿರುತ್ತಾರೆ, ಅಥವಾ ತಾಳ ಹಿಡಿದು ಭಜನೆ ಮಾಡುತ್ತಿರುತ್ತಾರೆ. ದಣಿದವರಿಗೆ ಭಜನೆಯೂ ಬೇಕು, ಆಟವೂ ಬೇಕು. ನಡುವೆ ಇರುವುದು ಒಂದು ತಗಡಿನ ಗೋಡೆ ಮಾತ್ರ. ಆದರೆ ಗೋಡೆಯ ಈ ಕಡೆ ಕೆಲಸದ ದಿನ ಮುಗಿದಿದೆ, ಆ ಕಡೆ ಎರಡನೆಯ ಪಾಳಿ ಶುರುವಾಗಿದೆ.

ಲೆಕ್ಕ ಹಾಕಿದರೆ ಹೀಗಾಗುತ್ತದೆ. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ಗೆ ಸುಮಾರು 48 ಕಿಲೋಮೀಟರ್. ಫಾಸ್ಟ್ ಲೋಕಲ್ ಸಿಕ್ಕಿ, ರಿಕ್ಷಾದ ಕ್ಯೂ, ಸೇತುವೆಯ ನೂಕುನುಗ್ಗಲು, ಆಫೀಸಿನವರೆಗಿನ ನಡಿಗೆ ಎಲ್ಲ ಸೇರಿ ಮನೆಯ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಕಾಲು ಕಡಿಮೆ ಎರಡು ಗಂಟೆ ಎಂದರೆ ಅದು ಒಳ್ಳೆಯ ದಿನ. ಹೋಗಿ ಬರಲು ಮೂರೂವರೆ ಗಂಟೆ, ಕೆಲಸ ಎಂಟೂವರೆ ಗಂಟೆ, ನಿದ್ರೆ ಆರು ಗಂಟೆ. ಉಳಿದದ್ದು ಆರು ಗಂಟೆ. ಅದರಲ್ಲಿ ಐದು ಗಂಟೆ ಅಡುಗೆ, ಪಾತ್ರೆ, ಬಟ್ಟೆ, ತರಕಾರಿಗೆ ಹೋದರೆ ಆಕೆಯ ಖಾತೆಯಲ್ಲಿ ಒಂದು ಗಂಟೆ ಶಿಲ್ಕು. ಆತನ ಖಾತೆಯಲ್ಲಿ ಶಿಲ್ಕು ಹೆಚ್ಚು. ಇದು ಒಂದೆರಡು ಮನೆಗಳ ದೂರಲ್ಲ. ಕೇಂದ್ರ ಸರಕಾರದ ಅಂಕಿಅಂಶ ಕಚೇರಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತ್ತು. 2019ರ ಆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಮಹಿಳೆ ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ, ಮನೆಗೆಲಸ ಮಾಡುವ ಪುರುಷ 97 ನಿಮಿಷ. ಅಷ್ಟಾದರೂ ಮಾಡುವ ಪುರುಷರು ನೂರಕ್ಕೆ 26 ಮಂದಿ ಮಾತ್ರ. ಐದು ವರ್ಷಗಳ ನಂತರ, 2024ರ ಸಮೀಕ್ಷೆಯಲ್ಲಿ ಮಹಿಳೆಯ ಪಾಲು 289 ನಿಮಿಷಕ್ಕೆ ಇಳಿದಿದೆ. ಪುರುಷರ ಪಾಲು ಅಷ್ಟಕ್ಕಷ್ಟೇ ಏರಿರಬಹುದೆಂದು ಭಾವಿಸಿದರೆ ತಪ್ಪು, ಅದೂ 88 ನಿಮಿಷಕ್ಕೆ ಇಳಿದಿದೆ.

ಗಂಡಸರಿಗೆ ಅಡುಗೆ ಬರುವುದಿಲ್ಲ ಎಂದು ಬೇರೆ ಯಾವ ಸಮಾಜ ಹೇಳಿದರೂ ನಂಬಬಹುದು, ಕರಾವಳಿಯವರು ಹೇಳಿದರೆ ಮಾತ್ರ ನಂಬುವುದು ಕಷ್ಟ. ಈ ಶಹರಕ್ಕೆ ಇಡ್ಲಿ-ದೋಸೆ ತಿನ್ನಲು ಕಲಿಸಿದವರು ಯಾರು? ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಿಂದ ಹಿಡಿದು ಉಪನಗರಗಳ ಸಂದುಗೊಂದಿಗಳ ಉಡುಪಿ ಹೊಟೇಲುಗಳ ತನಕ ರುಬ್ಬಿದವರು, ಬೇಯಿಸಿದವರು, ಬಡಿಸಿದವರು, ಬಟ್ಟಲು ತೊಳೆದವರು ಬಹುಪಾಲು ಗಂಡಸರೇ. ಹೊಟೇಲಿನವರ ಮಾತು ಹಾಗಿರಲಿ. ಬ್ಯಾಂಕು, ಮಿಲ್ಲು, ಡಾಕು, ಗೋದಿಗಳಲ್ಲಿ ದುಡಿಯುತ್ತಿದ್ದ ಅವಿವಾಹಿತರು ಪರೇಲಿನಲ್ಲೋ ಫೋರ್ಟಿನಲ್ಲೋ ಒಂದು ರೂಮಿನಲ್ಲಿ ಆರು-ಎಂಟು ಮಂದಿ ಇರುತ್ತಿದ್ದ ಕಾಲದಲ್ಲಿ ಗೋಡೆಗೆ ಒಂದು ಚೀಟಿ ಅಂಟಿಸಿರುತ್ತಿದ್ದರು. ಸೋಮವಾರ ಯಾರ ಅಡುಗೆ, ಮಂಗಳವಾರ ಯಾರ ಪಾತ್ರೆ ಎಂದು. ಸೀಮೆಎಣ್ಣೆ ಸ್ಟವ್ ಮೇಲೆ ಕುಚ್ಚಲಕ್ಕಿ ಅನ್ನವನ್ನು ಹದ ತಪ್ಪದೆ ಬೇಯಿಸಿದ ಆ ಕೈಗಳು ಊರಿನಿಂದ ಹೆಂಡತಿ ಬಂದ ದಿನ ಅದನ್ನು ಮರೆತವು. ಗೋಡೆಯ ಚೀಟಿ ಹರಿದು ಬಿತ್ತು. ಆ ತಲೆಮಾರಿನ ಮಕ್ಕಳು ತಂದೆ ಅಡುಗೆಮನೆಗೆ ಹೋಗುವುದನ್ನು ನೋಡದೆ ಬೆಳೆದರು. ಇಂದಿನ ಆದರ್ಶ ದಂಪತಿಯಲ್ಲಿನ ಪತಿ ಆ ಮಕ್ಕಳಲ್ಲಿ ಒಬ್ಬ.

ಹಿಂದಿನವರ ದಾಂಪತ್ಯ ಸುಖವಾಗಿತ್ತು ಎಂದು ಹಿರಿಯರು ಹೇಳುವುದುಂಟು. ಎಷ್ಟೋ ಮಂದಿಯ ಮಟ್ಟಿಗೆ ಅದು ದೂರದ ದಾಂಪತ್ಯವಾಗಿತ್ತು. ಗಂಡ ಇಲ್ಲಿ, ಹೆಂಡತಿ ಊರಲ್ಲಿ ಅತ್ತೆ-ಮಾವನ ಜೊತೆ. ತಿಂಗಳಿಗೊಂದು ಮನಿಯಾರ್ಡರ್, ಹದಿನೈದು ದಿನಕ್ಕೊಂದು ಇನ್‌ಲ್ಯಾಂಡ್ ಪತ್ರ, ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದು ಮತ್ಸ್ಯಗಂಧ ಓಡತೊಡಗುವ ತನಕ ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಹಗಲು-ರಾತ್ರಿ ಕುಲುಕಾಟ. ಮುಂದೆ ಹೆಂಡತಿಯನ್ನು ಕರೆತಂದವರಿಗೂ ಚಾಳಿನ ಒಂದು ಕೋಣೆಯೇ ಗತಿ. ಬಡತನವಿತ್ತು, ಸಾಲದ್ದಕ್ಕೆ ಪಾಯಖಾನೆಗೆ ಕ್ಯೂ. ಆದರೆ ಚಾಳಿನ ಗ್ಯಾಲರಿಯಲ್ಲಿ ಮಗುವನ್ನು ನೋಡಿಕೊಳ್ಳಲು ಹತ್ತು ಕಣ್ಣುಗಳಿದ್ದವು. ಪಕ್ಕದ ಮರಾಠಿ ಅಜ್ಜಿಯ ಮಡಿಲಲ್ಲಿ ಮಗುವನ್ನು ಬಿಟ್ಟು ರೇಶನ್ ತರಲು ಹೋಗಬಹುದಿತ್ತು. ಇಂದಿನ ಜೋಡಿಗೆ ಒಂದು ಬೆಡ್‌ರೂಮಿನ ಫ್ಲ್ಯಾಟ್ ಇದೆ, ಒಳಗೇ ಸಂಡಾಸು ಇದೆ, ಪಕ್ಕದ ಮನೆಯವರ ಹೆಸರು ಮಾತ್ರ ತಿಳಿದಿಲ್ಲ. ಅವರೂ ಏಳೂವರೆಗೆ ಬೀಗ ಹಾಕಿ ಹೊರಡುವವರೇ.

ಈ ಫ್ಲ್ಯಾಟಿಗೆ ಇಬ್ಬರ ಸಂಬಳವೂ ಬೇಕು. ಒಬ್ಬರ ಸಂಬಳದ ಮೇಲೆ ಮುಂಬಯಿಯ ಸುತ್ತಮುತ್ತ ಮನೆ ಸಾಲ ಮಂಜೂರಾಗುವುದು ಕಷ್ಟವಾದ್ದರಿಂದ ಅರ್ಜಿಯಲ್ಲಿ ಪತ್ನಿ ಸಹ ಅರ್ಜಿದಾರಳು. ಮಹಾರಾಷ್ಟ್ರ ಸರಕಾರವು 2021ರ ಏಪ್ರಿಲ್‌ನಿಂದ ಹೆಣ್ಣಿನ ಹೆಸರಿಗೆ ಮಾತ್ರ ನೋಂದಾಯಿಸುವ ಮನೆಗೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1ರಷ್ಟು ರಿಯಾಯಿತಿ ಕೊಟ್ಟಾಗ ‘ಹಾಗಾದರೆ ಅವಳ ಹೆಸರಿಗೇ ಮಾಡೋಣ’ ಎಂದವರೂ ಇದ್ದಾರೆ. ಇಪ್ಪತ್ತು ವರ್ಷ ಕಂತು ಕಟ್ಟುವ ಕಾಗದದಲ್ಲಿ ಇಬ್ಬರ ಸಹಿ ಬೇಕಾಗುತ್ತದೆ. ಅಡುಗೆಮನೆಯ ಅರ್ಜಿಗೆ ಮಾತ್ರ ಇಂದಿಗೂ ಒಂದೇ ಸಹಿ. ಕಾಯಿಲೆ ಬಿದ್ದರೆ, ಇಲ್ಲವೇ ಆಕೆ ಊರಿಗೆ ಹೋದರೆ, ಆತ ಸ್ಟೇಷನ್ ಪಕ್ಕದ ಪೋಳಿ-ಭಾಜಿ ಕೇಂದ್ರದಿಂದ ನಾಲ್ಕು ಚಪಾತಿ ಕಟ್ಟಿಸಿಕೊಂಡು ಬರುತ್ತಾನೆ. ಅಷ್ಟು ಮಾಡಿದರೂ ಉಪಕಾರವಾಯಿತು ಎನ್ನುವ ಮನೆಗಳಿವೆ.

2020ರ ಮಾರ್ಚ್ ಕೊನೆಯಲ್ಲಿ ಲೋಕಲ್ ರೈಲು ನಿಂತಾಗ ಎಷ್ಟೋ ಜೋಡಿಗಳು ಮದುವೆಯಾದ ಮೇಲೆ ಮೊದಲ ಬಾರಿಗೆ ಒಬ್ಬರನ್ನೊಬ್ಬರು ಹಗಲು ಹೊತ್ತಿನಲ್ಲಿ ದಿನಗಟ್ಟಲೆ ನೋಡಿದರು. ಕೆಲಸದ ಬಾಯಿಯೂ ಬರುವಂತಿರಲಿಲ್ಲ. ಒಂದು ಕೋಣೆಯಲ್ಲಿ ಆತನ ಲ್ಯಾಪ್‌ಟಾಪ್, ಅಡುಗೆ ಕಟ್ಟೆಯ ಮೇಲೆ ಆಕೆಯ ಲ್ಯಾಪ್‌ಟಾಪ್. ಮನೆಯಲ್ಲಿ ಎಷ್ಟು ಕೆಲಸವಿದೆ ಎಂಬುದು ಕಣ್ಣಿಗೆ ಬಿದ್ದದ್ದು ಆಗ. ಹಲವು ಗಂಡಂದಿರು ಪಾತ್ರೆ ತೊಳೆದರು, ಕೆಲವರು ನೀರುದೋಸೆ ಹೊಯ್ಯಲು ಕಲಿತು ಅದರ ಫೋಟೋವನ್ನು ವಾಟ್ಸಾಪಿನಲ್ಲಿ ಹಾಕಿದರು. ಒಂದೂವರೆ ವರ್ಷದ ತೆರೆ-ಮುಚ್ಚಾಟದ ನಂತರ 2021ರ ಆಗಸ್ಟ್ 15ರಿಂದ ಎರಡು ಲಸಿಕೆ ಪಡೆದವರಿಗೆ ಲೋಕಲ್ ತೆರೆಯಿತು. ದೋಸೆಯ ಫೋಟೋಗಳು ನಿಂತವು. ಈಗ ಕೆಲವು ಕಂಪೆನಿಗಳು ವಾರದಲ್ಲಿ ಒಂದೆರಡು ದಿನ ಮನೆಯಿಂದ ಕೆಲಸ ಮಾಡಲು ಬಿಡುತ್ತವೆ. ಆ ಸವಲತ್ತು ಗಂಡನಿಗೆ ಸಿಕ್ಕಿದರೆ ‘ಮೀಟಿಂಗ್ ಇದೆ, ಗಲಾಟೆ ಬೇಡ’ ಎಂದಾಗುತ್ತದೆ. ಹೆಂಡತಿಗೆ ಸಿಕ್ಕಿದರೆ ‘ಹೇಗೂ ಮನೆಯಲ್ಲೇ ಇದ್ದೀಯಲ್ಲ, ಗ್ಯಾಸಿನವನು ಬರುತ್ತಾನೆ’ ಎಂದಾಗುತ್ತದೆ.

ಎಲ್ಲ ಗಂಡಂದಿರೂ ಹೀಗೆಯೇ ಎಂದರೆ ಅನ್ಯಾಯವಾದೀತು. ತರಕಾರಿ ಹೆಚ್ಚುವ, ಬಟ್ಟೆ ಮಡಚುವ ಹುಡುಗರು ಈಗ ಇದ್ದಾರೆ. ಅವರ ಕಷ್ಟ ಬೇರೆ. ಊರಿನಿಂದ ತಾಯಿ ಬಂದಿರುವ ದಿನಗಳಲ್ಲಿ ಅವರು ಪಾತ್ರೆಯ ಹತ್ತಿರ ಸುಳಿಯುವುದಿಲ್ಲ. ‘ಹಗಲಿಡೀ ದುಡಿದು ಬಂದ ಮಗನ ಕೈಯಲ್ಲಿ ಪಾತ್ರೆ ತೊಳೆಸುವುದಾ?’ ಎಂಬ ಮಾತು ಬರುತ್ತದೆ. ಸೊಸೆಯೂ ಹಗಲಿಡೀ ದುಡಿದೇ ಬಂದಿರುತ್ತಾಳೆ ಎಂಬುದು ಆ ತಾಯಿಗೆ ತಿಳಿಯದ ವಿಷಯವಲ್ಲ, ತಮ್ಮ ಕಾಲದಲ್ಲಿ ಗದ್ದೆ ಕೆಲಸ ಮುಗಿಸಿ ಬಂದು ಹತ್ತು ಜನರಿಗೆ ಬೇಯಿಸಿ ಹಾಕಿದವರು ಅವರು. ‘ನಾನು ಪಾತ್ರೆ ತೊಳೆಯುವುದನ್ನು ಊರಲ್ಲಿ ಹೇಳಬೇಡ ಮಾರಾಯ್ತಿ’ ಎನ್ನುವ ಗಂಡನ ಮಾತಿನಲ್ಲಿ ತಮಾಷೆ ಅರ್ಧ, ಹೆದರಿಕೆ ಅರ್ಧ.

ನಿಜವಾದ ಇಕ್ಕಟ್ಟು ಬರುವುದು ಮಗು ಹುಟ್ಟಿದ ಮೇಲೆ. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಸಮಾರಂಭಗಳಲ್ಲಿ ಸಿಕ್ಕವರೆಲ್ಲ ‘ವಿಶೇಷ ಏನಾದರೂ ಉಂಟಾ?’ ಎಂದು ಕೇಳುತ್ತಾರೆ. ಉಂಟು ಎಂದಾದ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಲು ಯಾರೂ ಬರುವುದಿಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕೆಂಬ ನಿಯಮವೂ ಬಂತು. ಕಾಯಿದೆ ಒಳ್ಳೆಯದೇ. ಆದರೆ ಫೋರ್ಟಿನ ಆಫೀಸಿನಲ್ಲಿ ತೊಟ್ಟಿಲು ಕಟ್ಟಿಕೊಟ್ಟರೆ ಎಂಟು ತಿಂಗಳ ಮಗುವನ್ನು ಎದೆಗವಚಿಕೊಂಡು ಏಳೂ ನಲವತ್ತರ ಫಾಸ್ಟ್ ಲೋಕಲ್ ಹತ್ತುವ ತಾಯಿ ಯಾರು? ತೊಟ್ಟಿಲು ಬೇಕಾದದ್ದು ಮನೆಯ ಹತ್ತಿರ. ಅಜ್ಜಿಯರು ಊರಿನಿಂದ ಸರದಿಯ ಮೇಲೆ ಬಂದು ಮೂರು ಮೂರು ತಿಂಗಳು ನಿಲ್ಲುತ್ತಾರೆ. ಊರಲ್ಲಿ ದನ, ತೋಟ, ಮನೆಯ ಹಿರಿಯರ ಔಷಧಿ, ನಾಗನ ತಂಬಿಲ ಎಂದು ಹಿಂದಿರುಗಲೇಬೇಕಾಗುತ್ತದೆ. ಆಮೇಲೆ ಪಕ್ಕದ ಬಿಲ್ಡಿಂಗಿನ ಯಾರದೋ ಮನೆಯ ಪಾಳಣಾಘರ್, ಅಲ್ಲಿ ಒಂದೇ ಹಾಲ್‌ನಲ್ಲಿ ಹನ್ನೆರಡು ಮಕ್ಕಳು. ಅದೂ ಹೊಂದದಿದ್ದರೆ ರಾಜೀನಾಮೆ ಪತ್ರ. ಆ ಪತ್ರ ಬರೆಯುವವಳು ಹೆಚ್ಚಾಗಿ ಆಕೆಯೇ. ಕಂತು ಮಾತ್ರ ಅಷ್ಟೇ ಇರುತ್ತದೆ, ಅದನ್ನು ತುಂಬಲು ಆತ ರಾತ್ರಿ ಪಾಳಿಗೂ ಒಪ್ಪಿಕೊಳ್ಳುತ್ತಾನೆ. ರಿಕ್ಷಾದ ಹತ್ತು ನಿಮಿಷವೂ ಅಲ್ಲಿಗೆ ಹೋಯಿತು.

ಸಂಘಗಳ ಸಭೆಗಳಲ್ಲಿ ‘ಯುವ ದಂಪತಿಗಳು ಸಂಘದ ಕಡೆ ಬರುತ್ತಿಲ್ಲ, ಮಕ್ಕಳಿಗೆ ಕನ್ನಡ ಬರುವುದಿಲ್ಲ’ ಎಂಬ ಮಾತು ವರ್ಷವೂ ಕೇಳಿಬರುತ್ತದೆ. ಆರು ತಿಂಗಳ ವಯಸ್ಸಿನಿಂದ ದಿನಕ್ಕೆ ಹನ್ನೆರಡು ಗಂಟೆ ಪಾಳಣಾಘರದಲ್ಲಿ ಮರಾಠಿ-ಹಿಂದಿ ಕೇಳುವ ಮಗು ಯಾವ ಭಾಷೆ ಆಡಬೇಕು? ತಂದೆ-ತಾಯಿ ಸಿಗುವುದು ರಾತ್ರಿ ಒಂದೂವರೆ ಗಂಟೆ. ಅವರ ನಡುವಿನ ಭಾಷೆಯೂ ನೆಟ್ಟಗಿರುವುದಿಲ್ಲ. ಆಕೆಯ ಕುಂದಾಪ್ರ ಕನ್ನಡ ಕೇಳಿ ಮದುವೆಯಾದ ಹೊಸತರಲ್ಲಿ ಆತ ನಗುತ್ತಾನೆ, ಆತನ ಮುಂಬಯಿ ತುಳು ಆಕೆಗೆ ಅರ್ಧ ಅರ್ಥವಾಗುತ್ತದೆ. ಇಬ್ಬರಿಗೂ ಸುಲಭವೆಂದು ಹಿಂದಿ ನಡುವೆ ಬಂದು ಕೂರುತ್ತದೆ. ಜಗಳ ಬಂದಾಗ ಮಾತ್ರ ಆಕೆ ತನ್ನ ಊರಿನ ಕನ್ನಡದಲ್ಲೇ ಬೈಯುತ್ತಾಳೆ. ಮಗುವಿಗೆ ಕನ್ನಡವೆಂದರೆ ಅಮ್ಮನ ಸಿಟ್ಟಿನ ಭಾಷೆ ಎಂದಾದರೆ ಅದಕ್ಕೆ ಭಾಷಾಭಿಮಾನದ ಕೊರತೆಯನ್ನು ದೂರಿ ಪ್ರಯೋಜನವಿಲ್ಲ. ಕೊರತೆ ಇರುವುದು ಹೊತ್ತಿನದು.

ಸಂಘದ ಕಾರ್ಯಕ್ರಮಗಳ ಹೊತ್ತನ್ನೂ ನೋಡಬೇಕು. ಭಾನುವಾರ ಸಂಜೆ ನಾಲ್ಕಕ್ಕೆಂದು ಆಮಂತ್ರಣದಲ್ಲಿರುತ್ತದೆ, ದೀಪ ಹಚ್ಚುವಾಗ ಐದೂವರೆ. ವೇದಿಕೆಯಲ್ಲಿ ಹದಿನಾಲ್ಕು ಮಂದಿ, ಎಲ್ಲರಿಗೂ ಗೌರವ, ಎಲ್ಲರಿಂದಲೂ ಎರಡು ಮಾತು. ಊಟ ಒಂಬತ್ತೂವರೆಗೆ. ವಾರದ ಬಟ್ಟೆ ಒಗೆದು, ಇಸ್ತ್ರಿಗೆ ಕೊಟ್ಟು, ದೋಸೆಗೆ ರುಬ್ಬಿ, ಮರುದಿನ ನಾಲ್ಕೂ ಮುಕ್ಕಾಲಿಗೆ ಏಳಬೇಕಾದವಳು ಕಾಂದಿವಲಿಯಿಂದಲೋ ಕಲ್ಯಾಣದಿಂದಲೋ ಕುರ್ಲಾ, ಮಾಟುಂಗದ ತನಕ ಮಗುವನ್ನು ಎತ್ತಿಕೊಂಡು ಬಂದು ಹತ್ತೂವರೆಯ ಲೋಕಲ್‌ನಲ್ಲಿ ಹಿಂದಿರುಗಬೇಕೆನ್ನುವುದು ಹೆಚ್ಚಿನ ನಿರೀಕ್ಷೆಯಾಯಿತು. ಮಹಿಳಾ ವಿಭಾಗದ ಅರಶಿನ ಕುಂಕುಮಕ್ಕೂ ಬರುವವರು ಬಹುತೇಕ ಮಕ್ಕಳು ದೊಡ್ಡವರಾದ ತಾಯಂದಿರೇ.

ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು. ಇವನ್ನೂ ಇವುಗಳ ನಂತರ ಬಂದ ಅನೇಕ ಸಂಸ್ಥೆಗಳನ್ನೂ ಕಟ್ಟಿದವರು ಶಾಲು ಹೊದೆಸಲು ಕಟ್ಟಲಿಲ್ಲ. ಊರಿನಿಂದ ಬಂದವನಿಗೆ ಆಸರೆ ಬೇಕು, ಕಷ್ಟಕಾಲದಲ್ಲಿ ನಮ್ಮವರೆಂದು ಯಾರಾದರೂ ಬೇಕು ಎಂಬುದು ಇಲ್ಲಿನ ಸಂಘ ಜೀವನದ ಬೇರು. ಹಗಲು ಹೊಟೇಲಿನಲ್ಲಿ ಮೇಜು ಒರೆಸುವ ಹುಡುಗನಿಗೆ ಹಗಲಲ್ಲಿ ಶಾಲೆಗೆ ಹೋಗಲಾಗದು ಎಂದು ಕಂಡಾಗ ಹಿರಿಯರು ರಾತ್ರಿ ಶಾಲೆಗಳನ್ನು ತೆರೆದರು. ‘ಹುಡುಗರು ಓದುವುದಿಲ್ಲ’ ಎಂದು ಸಭೆಯಲ್ಲಿ ಮರುಗಿ ಮನೆಗೆ ಹೋಗಲಿಲ್ಲ, ಹುಡುಗನಿಗೆ ಬಿಡುವಾಗುವ ಹೊತ್ತಿಗೆ ಶಾಲೆಯ ಗಂಟೆ ಬಾರಿಸಿದರು. ಆ ರಾತ್ರಿ ಶಾಲೆಗಳಲ್ಲಿ ಕಲಿತವರು ಮುಂದೆ ಬ್ಯಾಂಕಿನಲ್ಲಿ, ವಕೀಲಿಯಲ್ಲಿ, ಉದ್ಯಮದಲ್ಲಿ ಹೆಸರು ಮಾಡಿದರು. ಅವರಲ್ಲಿ ಹಲವರು ಇಂದು ಅದೇ ಸಂಘಗಳ ಹಿರಿಯರು.

ಅಂದಿನ ಹುಡುಗನಿಗೆ ರಾತ್ರಿ ಶಾಲೆ ಬೇಕಿದ್ದಂತೆ ಇಂದಿನ ದಂಪತಿಗೆ ಹಗಲಿನ ತೊಟ್ಟಿಲು ಬೇಕು. ಉಪನಗರಗಳಲ್ಲಿ ಸ್ವಂತ ಕಟ್ಟಡ, ಸ್ವಂತ ಕಚೇರಿಯಿರುವ ಸಂಘಗಳು ಬೇಕಾದಷ್ಟಿವೆ. ಸಭಾಗೃಹದ ಬಾಡಿಗೆ ಬರುವುದು ಹೆಚ್ಚಾಗಿ ಶನಿವಾರ, ಭಾನುವಾರ ಮತ್ತು ಮುಹೂರ್ತದ ದಿನಗಳಲ್ಲಿ. ಉಳಿದ ದಿನ ಒಂದು ಕೋಣೆಯಲ್ಲಿ ಹದಿನೈದು ಮಕ್ಕಳಿಗೆ ಜಾಗ ಮಾಡುವುದು ಅಸಾಧ್ಯವೇನಲ್ಲ. ಬ್ಯಾಂಕಿನಿಂದ, ಶಾಲೆಯಿಂದ ನಿವೃತ್ತರಾಗಿ ಮನೆಯಲ್ಲಿರುವ ಮಹಿಳೆಯರು ಪ್ರತಿ ಸಂಘದಲ್ಲೂ ಇದ್ದಾರೆ. ಅವರಿಗೆ ಸಂಬಳ ಕೊಟ್ಟು ಮಾಡಿಸಬೇಕು, ಪುಕ್ಕಟೆ ಸೇವೆಯೆಂದು ಮಾಡಿಸಿದರೆ ಮೂರು ತಿಂಗಳಲ್ಲಿ ನಿಲ್ಲುತ್ತದೆ. ಮಗುವಿಗೆ ಏನಾದರೂ ಆದರೆ ಹೊಣೆ ಯಾರದು, ಪರವಾನಿಗೆ ಹೇಗೆ, ದೀಪ-ಫ್ಯಾನಿನ ಬಿಲ್ಲು ಯಾರು ಕಟ್ಟುವುದು ಎಂದು ಕಾರ್ಯಕಾರಿ ಸಮಿತಿಯಲ್ಲಿ ಪ್ರಶ್ನೆ ಏಳುವುದು ಖಂಡಿತ, ಏಳಬೇಕಾದ ಪ್ರಶ್ನೆಗಳೇ. ಪಾಲಕರು ಈಗಲೂ ಬೇರೆಡೆ ಹಣ ಕೊಡುತ್ತಿದ್ದಾರೆ, ಇಲ್ಲಿಯೂ ಕೊಡುತ್ತಾರೆ. ವಾರ್ಷಿಕೋತ್ಸವದ ಸ್ಮರಣಿಕೆಗಳ ಒಂದು ವರ್ಷದ ಖರ್ಚನ್ನು ಇತ್ತ ತಿರುಗಿಸಿದರೆ ಕೋಣೆಗೆ ಚಾಪೆ, ತೊಟ್ಟಿಲು, ಕಿಟಕಿಗೆ ಜಾಲರಿ ಬರುತ್ತದೆ. ಅಲ್ಲಿ ಹಗಲಿಡೀ ಮಗುವಿನ ಕಿವಿಗೆ ಬೀಳುವುದು ಕನ್ನಡ, ತುಳು. ಸಂಜೆ ಮಗುವನ್ನು ಒಯ್ಯಲು ತಂದೆ-ತಾಯಿಯರಲ್ಲಿ ಒಬ್ಬರು ದಿನವೂ ಸಂಘದ ಮೆಟ್ಟಿಲು ಹತ್ತಲೇಬೇಕು. ಸದಸ್ಯತ್ವ ಅಭಿಯಾನ ಬೇರೆ ಬೇಕಾಗದು.

ಗಂಡಸರ ವಿಚಾರಕ್ಕೂ ಸಂಘ ಕೈ ಹಾಕಬಹುದು. ವಿವಾಹ ವೇದಿಕೆ ನಡೆಸುವವರು ಹುಡುಗಿಯರ ಅರ್ಜಿಯಲ್ಲಿ ‘ಅಡುಗೆ ಬಲ್ಲವಳೇ’ ಎಂದು ಕೇಳುವ ಜಾಗದಲ್ಲಿ ಹುಡುಗರ ಅರ್ಜಿಯಲ್ಲೂ ಒಂದು ಗೆರೆ ಬಿಡಲಿ. ಆಟಿಯ ಕಾರ್ಯಕ್ರಮದಲ್ಲಿ ತಿಮರೆ ಚಟ್ನಿ, ಪತ್ರೊಡೆ ಮಾಡಿ ತರುವ ಸ್ಪರ್ಧೆಯನ್ನು ಒಂದು ವರ್ಷ ಗಂಡಂದಿರಿಗೆ ಇಟ್ಟು ನೋಡಲಿ. ಹೊಟೇಲು ಕಟ್ಟಿದವರ ಮೊಮ್ಮಕ್ಕಳು, ಕೈ ಅಷ್ಟು ಬೇಗ ಮರೆತಿರಲಾರದು. ಆದರ್ಶ ದಂಪತಿ ಸ್ಪರ್ಧೆಯನ್ನೂ ನಿಲ್ಲಿಸುವುದು ಬೇಡ. ಸೀರೆಯ ಬಣ್ಣದ ಪ್ರಶ್ನೆ ಮುಗಿದ ಮೇಲೆ ಪತಿಗೆ ಇನ್ನೂ ಮೂರು ಪ್ರಶ್ನೆ ಕೇಳಲಿ. ಕುಚ್ಚಲಕ್ಕಿಗೆ ಕುಕ್ಕರಿನಲ್ಲಿ ಎಷ್ಟು ಸೀಟಿ? ಮಗುವಿಗೆ ಮುಂದಿನ ಲಸಿಕೆ ಯಾವಾಗ? ನಿಮ್ಮ ಪತ್ನಿ ಕೊನೆಯ ಬಾರಿಗೆ ಏಳು ಗಂಟೆಯ ತನಕ ಮಲಗಿದ್ದು ಯಾವ ದಿನ?

ಅಷ್ಟರವರೆಗೆ ಸೋಮವಾರದಿಂದ ಶುಕ್ರವಾರದ ತನಕ ಬೆಳಿಗ್ಗೆ ಏಳರಿಂದ ರಾತ್ರಿ ಎಂಟರ ತನಕ ಉಪನಗರಗಳ ಹಲವು ಸಂಘಗಳ ಸಭಾಗೃಹಗಳಿಗೆ ಬೀಗವಿರುತ್ತದೆ. ಬೀಗದ ಕೈ ಕೆಳಗೆ ವಾಚ್‌ಮನ್ ಬಳಿ ಇದೆ.